ಮುರಿದ ಕಂಬದ ಪರದೆ

ಗದಗಿನ ಸ್ಟೇಶನ್ ರೋಡು, ಟೈಪಿಂಗ್ ಕ್ಲಾಸಿನ ಮೇಲಿನ ಮಾಳಿಗೆ.
ನಾನು ದೀಪದ ಛತ್ರಿ ಹಿಡಿಯುವ ಹುಡುಗ, ದಿನಕ್ಕೆ ನಾಲ್ಕು ರೂಪಾಯಿ.
ನಿಶ್ಚಯವಾದವರು ಬರುತ್ತಿದ್ದರು, ಮದುವೆಯಾದವರು,
ಒಮ್ಮೊಮ್ಮೆ ಎರಡೂ ಆಗದೆ
ಬಾಗಿಲು ಮುಂದಕ್ಕೆ ಮಾಡು ಎಂದವರು.
ಎಲ್ಲರ ಬೆನ್ನಿಗೆ ಒಂದೇ ಪರದೆ:
ಅರ್ಧ ಚಂದ್ರ, ಅರ್ಧ ಮೆಟ್ಟಿಲು, ಅರ್ಧ ಕಂಬ.

ಬರೆದವನು ಫಕೀರಪ್ಪ ಚಿತ್ರಗಾರ.
ಮಾದರಪಾಟು ಬಟ್ಟೆಗೆ ಹುಣಸೆಬೀಜದ ಸರಿ ಬಳಿದು
ಒಣಗಲು ಬಿಟ್ಟು
ಸೈಕಲ್ ತುಳಿದು ಲಕ್ಕುಂಡಿಗೆ ಹೋದ,
ಬಿಸಿಲಿಳಿಯುವ ತನಕ ಕೂತು
ಕಂಬದ ಉಂಗುರ ಎಣಿಸಿಕೊಂಡು ಬಂದ.
ಅಲ್ಲಿ ಅದು ನೆಟ್ಟಗೆ ನಿಂತ ಕಂಬ. ನಾನೂ ನೋಡಿದ್ದೇನೆ.
ತಿರುಗಣಿ ಹಿಡಿದವನ ಕೈ
ಇನ್ನೂ ಅದರ ಸೊಂಟದಲ್ಲಿ ತಿರುಗುತ್ತಲೇ ಇದೆ,
ಬಗ್ಗಿದರೆ ಮುಖ ಕಾಣುತ್ತದೆ, ತುಸು ಉದ್ದುದ್ದ.
ಬಟ್ಟೆಯ ಮೇಲೆ ಇಳಿಸುವಾಗ ಇವನು ಅದನ್ನು ಮುರಿದ.

ಯಾಕ ಕಾಕಾ, ಎಂದೆ.
ಕುಂಚ ತೊಳೆಯುತ್ತ ಹೇಳಿದ:
"ನೆಟ್ಟಗಿನ ಕಂಬದ ಮುಂದ ನಿಂತ್ರ
ಗಂಡ ಹೇಣ್ತಿ ಇರಿವಿ ಆಗ್ಯಾರು.
ಮುರದದ್ದರ ಮುಂದ ನಿಲ್ಲಸಿ ನೋಡು,
ಮಾಳಿಗಿ ಅವರ ತಲಿ ಮ್ಯಾಲೇ ನಿಂತಂಗ ಕಾಣತೈತಿ."

ಮಾಲೀಕ ಬಾಕಳೆಯವರಿಗೆ ಇದು ತಲೆಗೆ ಹೋಗಲಿಲ್ಲ.
ಜೋಡಿ ಹಂಸ ಎಲ್ಲಿ? ಗುಲಾಬಿ?
ಬಾಣ ಚುಚ್ಚಿದ ಹೃದಯ ಈಗ ಹುಬ್ಬಳ್ಳಿಯಲ್ಲೆಲ್ಲ ಓಡುತ್ತದಲ್ಲ?
ಫಕೀರಪ್ಪ ಹಂಸ ಬರೆದುಕೊಟ್ಟ, ಒಂದೇ.
ಇನ್ನೊಂದು ನೀರಾಗ ಮುಳಗೇತ್ರಿ, ಬರತೈತಿ ತಡೀರಿ, ಎಂದ.
ಹೃದಯದ ಬದಲು ಗೋಡೆಯಲ್ಲೊಂದು ಗೂಡು.
ಮೂರ್ತಿ ಇಲ್ಲ, ಹಣತೆ ಇಲ್ಲ,
ಹಣತೆ ಇದ್ದದ್ದಕ್ಕೆ ಸಾಕ್ಷಿಯಾಗಿ ಮಸಿ,
ಹೆಬ್ಬೆರಳಿನಿಂದ ಮೇಲಕ್ಕೆ ಉಜ್ಜಿದ್ದು.

ಆ ಮಸಿಯನ್ನು ಎಷ್ಟು ಜನ ಮುಟ್ಟಿದರೋ.
ಬೆಟಗೇರಿಯ ನೇಕಾರರ ಹುಡುಗಿಯೊಬ್ಬಳು ಬೆರಳು ಮೂಸಿ
ಎಣ್ಣೆ ವಾಸನೆ ಬಂತು ಎಂದು ನಕ್ಕಳು.
ಫೋಟೋದಲ್ಲಿ ಆ ನಗೆ ಬಂತು, ಅವನ ಕಣ್ಣು ಮುಚ್ಚಿದ್ದವು.
ಇನ್ನೊಂದು ತೆಗೆಯೋಣ ಎಂದರೆ
ಬ್ಯಾಡ, ಇದಾ ಇರಲಿ, ಎಂದಳು.

ಗುಡಿ ಗಟ್ಟಿ ಇದ್ದಾಗ ಪೂಜಾರಿ ಕೀಲಿ ಹಾಕುತ್ತಾನೆ.
ಸೂರು ಬಿದ್ದ ಮೇಲೆ ಯಾರೂ ಬರಬಹುದು,
ಆಡು, ಮಳೆ,
ಮನೆಯಲ್ಲಿ ಹೇಳದೆ ಬಂದ ಇಬ್ಬರು.

ಫಕೀರಪ್ಪ ಮಾತ್ರ ಅದರ ಮುಂದೆ ಎಂದೂ ನಿಲ್ಲಲಿಲ್ಲ.
ಮೆಟ್ಟಿಲ ಬುಡದಲ್ಲಿ ಒಂದು ಜೊತೆ ಚಪ್ಪಲಿ ಬರೆದಿದ್ದ, ಹೆಣ್ಣಿನವು,
ಯಾರದೇ ನೆರಿಗೆಗೂ ಮುಚ್ಚಿಹೋಗುವಷ್ಟು ಕೆಳಗೆ.
ಎಡಗಾಲಿನದರ ಉಂಗುಟ ಕಿತ್ತಿತ್ತು.
ಯಾರವು ಎಂದು ಕೇಳಲಿಲ್ಲ.
ನಾಲ್ಕು ರೂಪಾಯಿಗೆ ಅಷ್ಟು ಕೇಳುವುದು ಸಲ್ಲದು.

ಈಗಲೂ ಊರ ಗೋಡೆಗಳ ಮೇಲೆ ಆ ಜೋಡಿಗಳಿವೆ.
ಕೆಲವರು ಮಾತು ಬಿಟ್ಟರು, ಕೆಲವರು ಮನೆ ಬಿಟ್ಟರು,
ಕೆಲವರ ಚೌಕಟ್ಟಿಗೆ ಗಂಧದ ಹಾರ ಬಿತ್ತು.
ಕಂಬ ಮಾತ್ರ ಅವತ್ತು ಮುರಿದಷ್ಟೇ ಮುರಿದಿದೆ.

ಮೊನ್ನೆ ಬ್ಯಾಡಗಿ ಯಾರ್ಡಿಗೆ ಹೋಗಿದ್ದೆ, ಬೇರೆ ಕೆಲಸಕ್ಕೆ.
ಒಂದು ಮೆಣಸಿನಕಾಯಿ ರಾಶಿಗೆ ಹೊದಿಸಿದ್ದು ಅದೇ ಪರದೆ.
ಚಂದ್ರ ಮಡಿಕೆಯೊಳಗೆ. ಹಂಸವೂ ಮುಳುಗಿತ್ತು ಈಗ.
ಬರೆದ ಬಿರುಕಿನ ಪಕ್ಕದಲ್ಲೇ ಹರಿದ ಬಿರುಕು ಇಳಿದಿತ್ತು,
ಯಾವುದು ಕಾಕಾನದು ಎಂದು
ಹತ್ತಿರ ಹೋಗಿ ನೋಡಬೇಕಾಯಿತು.
ಚಪ್ಪಲಿ ಇದ್ದ ಅಂಚನ್ನು ಯಾರೋ ಸೀಳಿ ಚೀಲದ ಬಾಯಿ ಕಟ್ಟಿದ್ದರು.

ತುಂಬು ಬಿಡಿಸಿ ಸಾಕಾದ ಹೆಂಗಸೊಬ್ಬಳು
ರೊಟ್ಟಿ ಗಂಟು ಬಿಚ್ಚಿ
ಕಂಬಕ್ಕೆ ಬೆನ್ನು ಕೊಟ್ಟು ಕೂತಳು.
ಒಳಗೆ ಕಾಯಿ ಜರಿದವು, ಸರಸರ.
ಕಂಬ ಬಾಗಿ
ಅವಳ ಬೆನ್ನಿನಷ್ಟು ಜಾಗ ಮಾಡಿತು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಗೊತ್ತು.
ಆದರೂ ಆ ಯಾರ್ಡಿನಲ್ಲಿ
ಕಣ್ಣೀರು ಬಂದವನನ್ನು
ಯಾಕೆಂದು ಯಾರೂ ಕೇಳುವುದಿಲ್ಲ.