ತೂಬು ಕಾಯುವವನ ಲೆಕ್ಕ

ಬೆನ್ ಟ್ರೆಯ ಈ ಕಾಲುವೆಗೆ ತೂಬಿನವನು ನಾನು.
ಕಬ್ಬಿಣದ ಚಕ್ರ. ತೆರೆಯಲು ಹದಿನಾಲ್ಕು ಸುತ್ತು,
ಮುಚ್ಚಲೂ ಹದಿನಾಲ್ಕು. ಸಂಬಳ ಎರಡಕ್ಕೂ ಒಂದೇ.

ಬೆಳಗಿನ ಜಾವಕ್ಕೆ ಬಾ ಮೂಯ್ ಬರುತ್ತಾಳೆ.
ಮೂಯ್ ಅಂದರೆ ಹತ್ತು. ಹುಟ್ಟಿದ್ದು ಒಂಬತ್ತನೆಯವಳಾಗಿ;
ನಮ್ಮ ಕಡೆ ಮಕ್ಕಳ ಎಣಿಕೆ ಎರಡರಿಂದ ಶುರು,
ಒಂದನ್ನು ಯಾರಿಗೂ ಇಡುವುದಿಲ್ಲ.
ಅದು ನದಿಗೆ ಇರಲಿ, ಅನ್ನುತ್ತಿದ್ದಳು ನನ್ನಮ್ಮ.
ಮೆಟ್ಟಿಲಿಳಿದು, ಬೊಗಸೆ ತುಂಬಿ,
ತುಟಿಗಿಟ್ಟು, ಕಣ್ಣು ಮುಚ್ಚಿ
ಥೂ ಅಂದರೆ ಮುಚ್ಚು. ನುಂಗಿದರೆ ತೆರೆ.
ಮೂವತ್ತು ವರ್ಷ ನನ್ನ ತೂಬು ನಡೆದದ್ದು
ಆ ಗಂಟಲಿನ ಮೇಲೆ.

ಈಗ ಜಿಲ್ಲಾ ಕಚೇರಿಯಿಂದ ಮೀಟರು ಬಂದಿದೆ,
ಪೆನ್ನಿನಷ್ಟುದ್ದ. ಅದ್ದಿದರೆ ಅಂಕಿ.
ಒಂದಾದರೆ ಭತ್ತ ಸಹಿಸುತ್ತದೆ. ಎರಡಕ್ಕೆ ಮುನಿಯುತ್ತದೆ.
ನಾಲ್ಕು ಮುಟ್ಟಿತೋ, ತೆನೆಯೊಳಗೆ ಹಾಲಿರಬೇಕಾದಲ್ಲಿ ಗಾಳಿ.

ಹಿಂದೆ ಉಪ್ಪು ನೆಂಟನ ಹಾಗೆ ಬರುತ್ತಿತ್ತು,
ಹೊಸ ವರ್ಷದ ಹಬ್ಬ ಕಳೆದು, ತಿಂಗಳೆರಡು ಬಿಟ್ಟು;
ಮೊದಲ ಮಳೆ ಬಿದ್ದದ್ದೇ ಚಪ್ಪಲಿ ಮೆಟ್ಟಿ ಹೊರಡುತ್ತಿತ್ತು.
ಈಗ ಹಬ್ಬದ ಅಕ್ಕಿ ನೆನೆಹಾಕುವ ಮುಂಚೆಯೇ ಬಾಗಿಲಲ್ಲಿ ಕೂತಿರುತ್ತದೆ,
ಕಡಲಿಂದ ಅರವತ್ತು ಕಿಲೋಮೀಟರು ನಡೆದು ಬಂದು,
ದಣಿವೇ ಇಲ್ಲ ಅದಕ್ಕೆ.
ಮೇಲೆ, ಬೇರೆ ಬೇರೆ ದೇಶಗಳಲ್ಲಿ
ನನ್ನಂಥವರೇ ಚಕ್ರ ತಿರುಗಿಸುತ್ತಿರಬೇಕು.
ಅವರದು ದೊಡ್ಡ ಚಕ್ರ.

ತೆಂಗು ಈ ಸಲ ಮುಷ್ಟಿಗಾತ್ರ.
ವ್ಯಾಪಾರಿ ಎಣಿಸುವ ಮೊದಲೇ ನಗುತ್ತಾನೆ.
ಕುಡಿಯುವ ನೀರು ದೋಣಿಯಲ್ಲಿ ಬರುತ್ತದೆ, ಡಬ್ಬಕ್ಕಿಷ್ಟು ಅಂತ.
ಮಳೆನೀರಿಗೆಂದು ಅಂಗಳದಲ್ಲಿಟ್ಟ ಎದೆಯೆತ್ತರದ ಗುಡಾಣಗಳು
ಬಡಿದರೆ ಗಂಟೆಯಂತೆ ನುಡಿಯುತ್ತವೆ.
ಮಕ್ಕಳು ಬಡಿಯುತ್ತಾರೆ. ಬೈಯಲು ಮನಸ್ಸು ಬರುವುದಿಲ್ಲ.

ಸಿಗಡಿ ಹೊಂಡದ ನನ್ನ ತಮ್ಮ ಲುವಾನ್ ರಾತ್ರಿ ಬರುತ್ತಾನೆ:
"ತೆರಿ ಅಣ್ಣ, ಹೊಸ ಉಪ್ಪು ಬರಲಿ, ಮರಿಗಳು ತೇಲ್ತಾ ಇವೆ."
ಭತ್ತದವರಿಗೆ ಹಗಲೇ ಆಗಬೇಕು, ನಾಲ್ಕು ಜನ ನೋಡುವಂತೆ:
"ತೆರೆದೀಯೆ, ಜೋಕೆ."
ಇದೂ ಹೊಟ್ಟೆಯೇ, ಅದೂ ಹೊಟ್ಟೆಯೇ. ಬಾಗಿಲು ಮಾತ್ರ ಒಂದು,
ಅದರ ಕೀಲಿ ನನ್ನ ಸೊಂಟದಲ್ಲಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ. ಕುಡಿಯಲಿ.
ತಿಂದವರು ಯಾರೋ, ಯಾವ ಊರಿನ ದೀಪದ ಕೆಳಗೋ.
ನಮಗೆ ಕುಡಿಯುವ ನೀರೇ ಉಪ್ಪು,
ತಿನ್ನುವುದನ್ನು ಇನ್ನೂ ಬೆಳೆಯಬೇಕು.

ಮೊನ್ನೆ ಬಾ ಮೂಯ್ ಬೊಗಸೆ ಎತ್ತಿದಳು, ನುಂಗಿದಳು.
"ಸಿಹಿ," ಅಂದಳು. "ತೆರಿ."
ಜೇಬಿನ ಮೀಟರು ಆಗಲೇ ಮೂರೂವರೆ ಅಂದಿತ್ತು.
ಹೋದ ತಿಂಗಳ ಜ್ವರದಲ್ಲಿ ನಾಲಿಗೆ ಸತ್ತಿದೆ ಅಂತ
ಸೊಸೆ ಹೇಳಿದ್ದಳು: ಮೀನಿನ ಸಾರಿಗೆ
ಎರಡೆರಡು ಸಲ ಉಪ್ಪು ಸುರಿಯುತ್ತಾಳಂತೆ.

ಏನನ್ನಲಿ?
ಹಲ್ಲು ಬಿಡಿಸಿ ಚಕ್ರ ಹಿಡಿದೆ,
ತಿರುಗಿಸಿದೆ, ಹದಿನಾಲ್ಕು ಸುತ್ತೂ, ಬರೀ ಸದ್ದಿಗೆ.
ಬಾಗಿಲು ಅಲುಗಲಿಲ್ಲ.
ಅವಳು ಕಟ್ಟೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು
ಬರದ ನೀರು ಬರುವುದನ್ನು ಬಹಳ ಹೊತ್ತು ನೋಡಿದಳು.
"ಈ ಸಲ ನಿಧಾನ," ಅಂದಳು ಏಳುತ್ತಾ.
ಹೂಂ, ಅಂದೆ.

ಹೋಗುವಾಗ ದಾರಿಯಲ್ಲಿ ನಿಂತು
ಒದ್ದೆ ಬೆರಳು ನೆಕ್ಕಿದಳು.
ಮತ್ತೊಮ್ಮೆ ನೆಕ್ಕಿದಳು.
ತಿರುಗಿ ನೋಡಲಿಲ್ಲ.