ನಾಲ್ಕನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಒಂಬತ್ತಕ್ಕೆ ಹರಾಜು ಶುರುವಾಗಬೇಕು.
ಎಂಟೂ ಹತ್ತಕ್ಕೆ ನಾನು ಬೀಗ ತೆಗೆದಾಗ
ಸರ್ವರಿಗೆ ಉಸಿರಿತ್ತು, ಬಾಯಿ ಬಿದ್ದುಹೋಗಿತ್ತು:
ಫ್ಯಾನು ತಿರುಗುತ್ತಿದೆ, ಹಸಿರು ದೀಪ ಮಿಣುಕುತ್ತಿದೆ,
ದರಪಟ್ಟಿಯ ಜಾಗದಲ್ಲಿ ಒಂದು ಬಿಳಿ ಹಾಳೆ,
ಅದರ ನೆತ್ತಿಯ ಮೇಲೆ ಯಾರದೋ ಸುಸ್ವಾಗತ.

ರಾತ್ರಿ ಅಪ್‌ಗ್ರೇಡಿಗೆ ಹಚ್ಚಿ ಹೋದವಳು ನಾನೇ.
ಕೇಳಿದ್ದಕ್ಕೆಲ್ಲ ಹೌದು, ಹೌದು, ಹೌದು ಅಂತ ಒತ್ತಿ
ಮಳ್ಳೂರಿನ ಕೊನೇ ಬಸ್ಸು ಹಿಡಿದಿದ್ದೆ.

ಕೆಳಗೆ ಜಾಲರಿಗಳಲ್ಲಿ ಗೂಡು ಸುರಿದಾಗಿದೆ.
ಅಬ್ಲೂಡಿನ ಚೌಡಮ್ಮ ತನ್ನ ಲಾಟಿನ ಮುಂದೆ
ಸೆರಗಿನಲ್ಲಿ ನೊಣ ಓಡಿಸುತ್ತ ನಿಂತಿದ್ದಾಳೆ.
ರೀಲರ್ ಇಮ್ದಾದ್ ಸಾಬರು ಮೊಬೈಲನ್ನು ದೂರ ಹಿಡಿದು
ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುವ ಹಾಗೆ ನೋಡಿ,
"ಏನಮ್ಮಾ ಶಶಿರೇಖಾ, ನಿನ್ ಡಬ್ಬಾ ಮಾತಾಡ್ತಿಲ್ಲ?"

ಗೂಡು ಕಾಯುವುದಿಲ್ಲ. ಒಳಗಿರುವುದಕ್ಕೆ ಜೀವವಿದೆ.

ಲಾಗ್ ಫೈಲನ್ನು ಬಾಲದಿಂದ ಓದಬೇಕು.
ಕಾಲೇಜಿನಲ್ಲಿ ಕಲಿತದ್ದಲ್ಲ ಇದು. ಚಿಕ್ಕಮ್ಮ
ಕುದಿನೀರಿನಲ್ಲಿ ಗೂಡು ಹೊರಳಿಸುತ್ತ
ಬೆಂದ ಬೆರಳಲ್ಲೇ ಎಳೆಯ ತುದಿ ಹುಡುಕುತ್ತಿದ್ದಳು:
"ನಡುವೆ ಕೈ ಹಾಕಿದ್ರೆ ಗೋಜಲು ಕಣೇ,
ತುದಿ ಸಿಗೋತಂಕ ಸುಮ್ನೆ ತಡಕು."

ತಡಕಿದೆ.
ಇಪ್ಪತ್ತೇಳನೇ ಸಾಲು.
ಯಾವುದೋ ಮಾಡ್ಯೂಲನ್ನು ಹೆಸರು ಹಿಡಿದು ಕೂಗುತ್ತಿದೆ;
ಅದೋ, ರಾತ್ರಿಯೇ ಮನೆ ಖಾಲಿ ಮಾಡಿದೆ.
ಮೇಲೆ, ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ
ಪಿಳ್ಳೇಗೌಡರ ಟಿಪ್ಪಣಿ:
"ಇದನ್ನು ಮುಟ್ಟಬೇಡಿ. ಕಾರಣ ಆಮೇಲೆ ಬರೆಯುತ್ತೇನೆ."
ಆಮೇಲೆ ಬರೆದಿಲ್ಲ. ಅವರಿಗೀಗ ಗೌರಿಬಿದನೂರಿನಲ್ಲಿ ಬೀಜದ ಅಂಗಡಿ.
ಮುಟ್ಟಿದೆ. ಸಾಲಿನ ಮುಂದೆ ಒಂದು ಹ್ಯಾಶ್,
ತುಟಿಗೆ ಬೆರಳಿಟ್ಟು ಶ್ ಅಂದಂತೆ.

ವ್ಯಾಕರಣ ಸರಿಯಿದೆ ಎಂದಿತು ಯಂತ್ರ.
ಎಬ್ಬಿಸಿದೆ.
ಮತ್ತೆ ಬಿತ್ತು.

ನಾಲ್ಕನೇ ಜ್ವರದಿಂದೆದ್ದ ಹುಳು ಒಮ್ಮೊಮ್ಮೆ ಹೀಗೆ:
ತಲೆ ಹೊಸದು, ಬಾಲಕ್ಕಿನ್ನೂ ಹಳೇ ಪೊರೆ.
ಎಳೆಯಬಾರದು. ಬೈಯಬಾರದು. ಎಲ್ಲಿ ಸಿಕ್ಕಿದೆ ನೋಡಬೇಕು.

ಎಂಬತ್ತನೇ ಪೋರ್ಟಿನಲ್ಲಿ ಯಾರೋ ಆಗಲೇ ಕೂತಿದ್ದಾರಂತೆ.
ಯಾರೆಂದರೆ, ಅಪ್‌ಗ್ರೇಡಿನ ಬೆನ್ನು ಹತ್ತಿ
ಕರೆಯದೆ ಬಂದ ಇನ್ನೊಂದು ಸರ್ವರು,
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು
ಬಂದವರಿಗೆಲ್ಲ ಸುಸ್ವಾಗತ ಹೇಳುತ್ತಿದೆ!
ಅಲ್ಲಾ, ಬೆಳಗ್ಗೆಯಿಂದ ಕಣ್ಣೆದುರೇ ಇತ್ತು.

ಅಷ್ಟರಲ್ಲಿ ಕೆಳಗಿನ ಗದ್ದಲ ನಿಂತಿತು.
ನಿಂತದ್ದಕ್ಕೇ ಹೆದರಿ ಇಣುಕಿದರೆ
ಹಿಂದೆ ಹರಾಜು ಕೂಗುತ್ತಿದ್ದ, ಈಗ ಗೇಟು ಕಾಯುವ ಕದಿರಪ್ಪ
ಕಲ್ಲುಕಟ್ಟೆ ಹತ್ತಿ ಕೊರಳು ಸರಿಮಾಡುತ್ತಿದ್ದಾನೆ.
"ನಾನೂರ ಎಪ್ಪತ್ತು! ಎಪ್ಪತ್ತು! ಎಪ್ಪತ್ತೈದು ಅಂದೋರ್ಯಾರು?"
ವರ್ಷಗಟ್ಟಲೆ ಮಡಚಿಟ್ಟ ದನಿ, ಮಡಿಕೆಯಲ್ಲೂ ಹರಿದಿಲ್ಲ.
ಇಮ್ದಾದ್ ಸಾಬರು ಮೊಬೈಲು ಜೇಬಿಗಿಳಿಸಿ
ಗದ್ದ ಎತ್ತಿದರು: ಎಂಬತ್ತು.
ಚೌಡಮ್ಮ ಇನ್ನೂ ಒಪ್ಪಿಲ್ಲ, ಆಕಡೆ ನೋಡುತ್ತಿದ್ದಾಳೆ.

ನನ್ನ ಬೆರಳು ಎಂಟರ್ ಮೇಲೆ.
ಒತ್ತಲಿಲ್ಲ,
ಆ ಲಾಟು ಮುಗಿಯುವ ತನಕ.

ಆಮೇಲೆ ಬಂದವನನ್ನು ನಿಲ್ಲಿಸಿ, ನಮ್ಮದನ್ನು ಎಬ್ಬಿಸಿದೆ.
ಗೋಡೆಯ ಮೇಲೆ ದರ ಹತ್ತಿಕೊಂಡಿತು.
ಕದಿರಪ್ಪ ಒಂದು ಅಂಕಿಯ ಅರ್ಧದಲ್ಲಿ ನಿಂತು
ಬೋರ್ಡು ನೋಡಿದ, ಕಟ್ಟೆಯಿಳಿದ, ಗೇಟಿಗೆ ಹೋದ.

ಪಿಳ್ಳೇಗೌಡರ ಸಾಲಿನ ಕೆಳಗೆ ಕಾರಣ ಬರೆದೆ, ತಾರೀಕು ಸಮೇತ.
ಅದರ ಕೆಳಗೆ, ಯಂತ್ರ ಓದದ ಆ ಜಾಗದಲ್ಲಿ:
"ಮೊದಲ ಮೂರು ಲಾಟು ಕೂಗಿದ್ದು ಕದಿರಪ್ಪ."

ಹನ್ನೊಂದಕ್ಕೆ ಬಂದ ಸಾಹೇಬರು ಕೇಳಿದರು:
"ಬೆಳಗ್ಗೆ ಏನೋ ತೊಂದ್ರೆ ಅಂತಲ್ಲ?"
"ಜ್ವರ ಸಾರ್. ಬಿಡ್ತು."
ನನ್ನ ಹಣೆ ನೋಡಿದರು.
"ಮಾತ್ರೆ ತಗೊಂಡ್ಯೇನಮ್ಮಾ?"