ಎರಡು ಗುಂಡು, ಒಂದು ಔಷಧಿ

ಎರಡು ತಿಂಗಳ ಬಾಡಿಗೆ ಬಾಕಿಗೆ ಬದಲು
ಮೃಣ್ಮಯಿ ಬಿಟ್ಟುಹೋದದ್ದು ಒಂದು ಗೇಮಿನ ಪೆಟ್ಟಿಗೆ,
ಆರು ಡಿಸ್ಕು. ಮೇಲೆ ಅಂಕಿ, ಅಂಕಿಯ ಮೇಲೆ ರಕ್ತ.

ಎಲ್ಲಿಂದ ಶುರು ಮಾಡಲಿ?
ಮೊದಲಿನಿಂದಲೇ, ಅಂದ ಲ್ಯಾಬಿನ ಪ್ರದ್ಯುಮ್ನ,
ಪುರಾಣದ ಹಾಗೆ, ಕ್ರಮ ತಪ್ಪಬಾರದು.
ಬುಧವಾರ ಪೇಟೆಯ ರಿಪೇರಿಯವ ನಕ್ಕ:
ಅದರಲ್ಲಿ ಮನುಷ್ಯ ಎತ್ತಿನ ಗಾಡಿಯಂತೆ ತಿರುಗುತ್ತಾನೆ ತಾಯೀ,
ಹೆಣ ಕಚ್ಚಿ ಹೋದಮೇಲೆ ಬಂದೂಕು ಎತ್ತುತ್ತಾನೆ.
ನಾಲ್ಕು ಹಾಕಿ.
ವಾಚ್‌ಮನ್ ಘೋರ್ಪಡೆಯ ಮಗಳು
ಎರಡು ಬೆರಳು ತೋರಿಸಿ ಓಡಿದಳು.

ನನಗೆ ರಕ್ತ ಹೊಸದಲ್ಲ. ದಿನಕ್ಕೆ ನೂರಿಪ್ಪತ್ತು ಟ್ಯೂಬು,
ಹೆಸರು ಅಂಟಿಸಿ, ಅಲುಗಿಸಿ, ನಿಲ್ಲಿಸುತ್ತೇನೆ.
ಹೆದರಿಕೆ ಬಾಗಿಲಿನದು:
ಹಿಡಿಕೆ ತಿರುಗಿ, ತೆರೆಯುವ ಮುಂಚಿನ ಆ ಕಪ್ಪು.

ರಾತ್ರಿ ಹನ್ನೊಂದು. ಹಡಪ್ಸರಿನ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು.
ಕೈಗೆ ಸಿಕ್ಕಿದ್ದು ಮೂರು.
ಪರದೆ ಕೇಳಿತು: ಹೊಸದೋ, ಮುಂದುವರಿಸುವುದೋ?

ಮುಂದುವರಿಸಿದೆ.
ಅಡುಗೆಮನೆಯಷ್ಟು ಕೋಣೆ.
ಇಲ್ಲಿಗೆ ಯಾರೂ ಬರುವುದಿಲ್ಲ ಅನ್ನುವಂಥ ಸಂಗೀತ.
ಕುಂಟುವ ಹುಡುಗಿ. ಚೀಲದಲ್ಲಿ
ಎರಡು ಗುಂಡು, ಒಂದು ಔಷಧಿ,
ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ.
ತಾರೀಖು, ಮೃಣ್ಮಯಿ ಹೋದದ್ದರ ಹಿಂದಿನ ರಾತ್ರಿ.

ಇದೇ ಗೋಡೆಗೆ ಒರಗಿ ಆಡುತ್ತಿದ್ದಳು.
ಸದ್ದು ಕಮ್ಮಿ ಮಾಡೇ, ಅಂದಿದ್ದೆ, ಬೆಳಗಿನ ಪಾಳಿ ಇದೆ ನನಗೆ.
ಮಾಡಿದ್ದಳು.

ಬಾಗಿಲು ತೆರೆಯಲಿಲ್ಲ ನಾನು.
ಹುಡುಗಿ ನಿಂತೇ ಇದ್ದಾಳೆ, ಉಸಿರಿಗೆ ಹೆಗಲು ಏರಿಳಿಯುತ್ತ.
ಚಹಾ ಆರಿತು.
ಡಿಸ್ಕು ತೆಗೆದು ಒರೆಸಿಟ್ಟು
ಒಂದನೆಯದನ್ನು ಹಾಕಿದೆ.
ಎತ್ತಿನ ಗಾಡಿಯೇ ಆಗಲಿ,
ಅವಳವರೆಗೆ ನಡೆದೇ ಬರಬೇಕು.